ಐರ್ಲೆಂಡಿಗೆ ನಾನು ಬಂಡವಾಳ ತಂದ ಬಗೆ

ದುಬೈ ಮತ್ತು ಅಬುಧಾಬಿಯಲ್ಲಿರುವ ನಮ್ಮ ಊರ ಕಡೆಯ ದೊಡ್ಡ ಮನುಷ್ಯರೆಲ್ಲ ನನಗೆ ಗೊತ್ತು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬಿದ್ದು ಮಾತ್ರವಲ್ಲ, ಸಂದರ್ಭ ಸಿಕ್ಕಾಗಲೆಲ್ಲ ಹೇಳಿಕೊಂಡೂ ಬರುತ್ತಿದ್ದೆ. ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಏಕೆಂದರೆ ಯಾರೂ ಅದನ್ನು ಪರೀಕ್ಷಿಸಿರಲಿಲ್ಲ.

ನಾನು ಕೆಲಸ ಮಾಡುವುದು ಸಭೆ, ಸಮಾರಂಭ, ವಸ್ತುಪ್ರದರ್ಶನಗಳನ್ನು ಏರ್ಪಡಿಸಿಕೊಡುವ ಒಂದು ಕಂಪನಿಯಲ್ಲಿ. ಹಾಲ್ ಗೊತ್ತುಮಾಡುವುದು, ಬ್ಯಾನರ್ ಕಟ್ಟಿಸುವುದು, ಮೈಕು ಸರಿಯಿದೆಯೇ ಎಂದು ನೋಡುವುದು, ಊಟಕ್ಕೆ ಹೇಳುವುದು ನನ್ನ ಪಾಲಿನ ಜವಾಬ್ದಾರಿ. ವಾಸ ಅಲ್ ಬರ್ಷಾದ ಒಂದು ಫ್ಲ್ಯಾಟಿನಲ್ಲಿ. ಹೆಂಡತಿ ಶಶಿಕಲಾ ಮತ್ತು ಮಗಳು ಅನ್ವಿತಾ ಎರಡು ವರ್ಷದ ಹಿಂದೆ, ಮಗಳ ಕಾಲೇಜಿನ ಸಲುವಾಗಿ, ಸುರತ್ಕಲ್ಲಿಗೆ ಹೋಗಿ ನೆಲೆಸಿದರು. ಅಂದಿನಿಂದ ನಾನೊಬ್ಬನೇ. ಮನೆಯಲ್ಲಿ ನಾಲ್ಕು ಜನ ಕೂರುವ ಊಟದ ಮೇಜು ಇದೆ. ಬೇಸರ ಬಾರದಿರಲೆಂದು ನಾನು ದಿನಕ್ಕೊಂದು ಕುರ್ಚಿಯಲ್ಲಿ ಕೂತು ಉಣ್ಣುತ್ತೇನೆ.

ಒಂದು ದಿನ ನಮ್ಮ ಮ್ಯಾನೇಜರ್ ಥಾಮಸ್ ಸರ್ ನಮ್ಮನ್ನೆಲ್ಲ ಕರೆದು ಹೊಸ ಕೆಲಸವೊಂದರ ಬಗ್ಗೆ ಹೇಳಿದರು. ಐರ್ಲೆಂಡಿನ ಪಶ್ಚಿಮ ಮೂಲೆಯಲ್ಲಿ ಹಳ್ಳಿಗಳೇ ತುಂಬಿದ ಒಂದು ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿಯ ಹುಡುಗರು, ಹುಡುಗಿಯರು ಓದು ಮುಗಿದ ಕೂಡಲೇ ಪಟ್ಟಣಕ್ಕೋ ಪರದೇಶಕ್ಕೋ ಹೋಗಿಬಿಡುತ್ತಾರೆ. ಯಾರಾದರೂ ಬಂದು ಕಾರ್ಖಾನೆಯನ್ನೋ ವ್ಯಾಪಾರವನ್ನೋ ಶುರುಮಾಡಿದರೆ ಊರು ಉಳಿಯಬಹುದು ಎಂದು ಅಲ್ಲಿಯ ಕಚೇರಿಯವರು ಒಬ್ಬ ಅಧಿಕಾರಿಯನ್ನು ದುಬೈಗೆ ಕಳಿಸುತ್ತಿದ್ದಾರೆ. ಕೌಂಟಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನನ್ನಿಂದ ಆದ ಅವಮಾನ ಸಾಕು.

"ಸಭೆ ಬರುವ ವಾರದ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಅವರಿಗೆ ಇಲ್ಲಿ ಯಾರ ಪರಿಚಯವೂ ಇಲ್ಲ. ನಲವತ್ತು ಜನ ಇನ್ವೆಸ್ಟರುಗಳನ್ನು ನಾವೇ ಕರೆಸಿಕೊಡಬೇಕಂತೆ" ಎಂದರು ಥಾಮಸ್ ಸರ್.

ಎಲ್ಲರೂ ನೆಲ ನೋಡಿದರು. ನಾನು ಮಾತ್ರ ತಲೆ ಎತ್ತಿ, "ಸರ್, ನಲವತ್ತು ಸಾಕಾ?" ಎಂದು ಕೇಳಿದೆ.

"ಸದಾನಂದ್, ನಿಜವಾದ ಇನ್ವೆಸ್ಟರುಗಳು ಬೇಕು."

"ಅಬುಧಾಬಿಯ ಪದ್ಮನಾಭಣ್ಣ ಒಬ್ಬರು ಬಂದರೆ ನಲವತ್ತು ಜನ ಬಂದ ಹಾಗೆ ಸರ್. ದೊಡ್ಡ ಫ್ರೋಜನ್ ಫುಡ್ ಕಂಪನಿ ಅವರದ್ದು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ವಿಲ್ಲಾ. ನನಗೆ ಬಹಳ ಹತ್ತಿರದವರು."

ಇದು ಪೂರ್ತಿ ಸುಳ್ಳೇನಲ್ಲ. ಹಿಂದೊಮ್ಮೆ ನಮ್ಮ ಕಡೆಯವರ ಸಂಘದ ಕಾರ್ಯಕ್ರಮದಲ್ಲಿ ಅವರಿಗೆ ಸನ್ಮಾನವಾದಾಗ, ಶಾಲು ಮತ್ತು ಹಾರದ ತಟ್ಟೆ ಹಿಡಿದು ವೇದಿಕೆಯ ಮೇಲೆ ಅವರ ಕುರ್ಚಿಯ ಹಿಂದೆ ಎರಡು ಗಂಟೆ ನಿಂತವನು ನಾನು. ನಮ್ಮಿಬ್ಬರ ನಡುವೆ ಎರಡು ಅಡಿ ಅಂತರವಿತ್ತು. ಇದಕ್ಕಿಂತ ಹತ್ತಿರ ಯಾರು ಬಂದಾರು? ಒಂದೇ ಕೊರತೆ ಎಂದರೆ, ನನಗೆ ಪರಿಚಯವಾದದ್ದು ಅವರ ಬೆನ್ನು ಮತ್ತು ತಲೆಯ ಹಿಂಭಾಗ.

ಸಂಜೆ ಊರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಶಶಿಕಲಾ ಪೂರ್ತಿ ಕೇಳಿಸಿಕೊಂಡು, "ನಿಮಗೆ ಅಲ್ಲಿ ಯಾರ ಗುರ್ತ ಉಂಟು ಮಾರಾಯ್ರೆ? ನಿಮ್ಮ ಬರ್ತ್‌ಡೇಗೆ ಕೇಕ್ ತಂದು, ಕೊಡ್ಲಿಕ್ಕೆ ಯಾರೂ ಸಿಗದೆ ಮೂರು ದಿನ ನೀವೇ ತಿಂದದ್ದಲ್ವಾ?" ಎಂದಳು.

"ಅದು ಬೇರೆ. ಇದು ವ್ಯಾಪಾರದ ಸಂಪರ್ಕ."

ಹಿಂದಿನಿಂದ ಮಗಳ ದನಿ ಕೇಳಿಸಿತು. "ಆಲ್ ದಿ ಬೆಸ್ಟ್ ಪಪ್ಪಾ. ಬಟ್ ವೈ ವುಡ್ ದೇ ಲಿಸನ್ ಟು ಯು?"

ನಾನು ಫೋನಿಟ್ಟು ಕೆಲಸಕ್ಕೆ ತೊಡಗಿದೆ.

ನನ್ನ ಮೊಬೈಲಿನಲ್ಲಿ ಹೆಸರುಗಳಿಗೆ ಬರವಿಲ್ಲ. ಬೆರಳಿನಿಂದ ತಳ್ಳುತ್ತಾ ಹೋದರೆ ಕೈ ಸೋಲುತ್ತದೆಯೇ ಹೊರತು ಪಟ್ಟಿ ಮುಗಿಯುವುದಿಲ್ಲ. 'ಅ' ಅಕ್ಷರದಿಂದ ಶಿಸ್ತಾಗಿ ಆರಂಭಿಸಿದೆ. ಮೊದಲನೆಯವರು ನನ್ನ ಹೆಸರು ಕೇಳಿ, "ಯಾವ ಸದಾನಂದ? ಮಸಾಲೆ ಹುಡಿ ಸಪ್ಲೈ ಮಾಡುವ ಸದಾನಂದನಾ?" ಎಂದರು.

"ಅಲ್ಲ, ಬ್ಯಾನರ್ ಕಟ್ಟಿಸುವ ಸದಾನಂದ."

"ಓ. ಹಾಗಾದ್ರೆ ಮಸಾಲೆ ಹುಡಿಯವರ ನಂಬರ್ ಉಂಟಾ ನಿಮ್ಮಲ್ಲಿ?"

ಎರಡನೆಯವರು ಎಲ್ಲ ಮುಗಿಸಿ ಊರಿಗೆ ಹೋಗಿ ಮೂರು ವರ್ಷವಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಇನ್ನೊಬ್ಬರ ಫೋನನ್ನು ಅವರ ಪತ್ನಿ ಎತ್ತಿದರು. ಗಂಡ ತೀರಿಕೊಂಡಿದ್ದರು. ನಾನು ತಡವರಿಸುತ್ತಾ ಸಂತಾಪ ಹೇಳಿ, ಐರ್ಲೆಂಡಿನ ವಿಷಯ ಎತ್ತದೆ ಫೋನಿಟ್ಟೆ. ಮತ್ತೊಂದು ನಂಬರು ಕೈ ಬದಲಾಗಿ ಶಾರ್ಜಾದಲ್ಲಿರುವ ಒಬ್ಬ ದರ್ಜಿಯ ಪಾಲಾಗಿತ್ತು. ಪೇಶಾವರದ ಕಡೆಯವರು. ತಪ್ಪು ನಂಬರು ಎಂದು ತಿಳಿದ ಮೇಲೂ ನಾವಿಬ್ಬರೂ ಫೋನಿಡಲಿಲ್ಲ. ಅವರ ಮಗಳ ಮದುವೆ, ನನ್ನ ಮಗಳ ಪರೀಕ್ಷೆ, ಹೀಗೆ ಹಿಂದಿಯಲ್ಲಿ ಹದಿನೈದು ನಿಮಿಷ ಮಾತಾಡಿದೆವು. ಕೊನೆಗೆ ಅವರು, "ಊಟ ಆಯಿತಾ ಭಾಯಿ?" ಎಂದು ಕೇಳಿದರು. ಆ ವಾರದಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲನೆಯವರು ಅವರೇ.

ನಾಲ್ಕು ಸಂಜೆಗಳ ಶ್ರಮದ ನಂತರ ಖಚಿತವಾಗಿ ಬರುತ್ತೇನೆಂದವರು ಒಬ್ಬರು. ಅವರು ಇನ್ಶೂರೆನ್ಸ್ ಏಜೆಂಟರು. ಪಾಲಿಸಿಗಳ ಬಗ್ಗೆ ಹತ್ತು ನಿಮಿಷ ಮಾತಾಡಲು ಬಿಡಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದರು. ಪದ್ಮನಾಭಣ್ಣನ ನಂಬರು ನನ್ನಲ್ಲಿ ಇರಲಿಲ್ಲ. ಬೆನ್ನಿನ ಪರಿಚಯದಲ್ಲಿ ನಂಬರು ಕೇಳುವ ಅವಕಾಶ ಎಲ್ಲಿ ಬರುತ್ತದೆ?

ಗುರುವಾರ ಅತಿಥಿ ಬಂದಿಳಿದರು. ಹೆಸರು ಡೆಕ್ಲನ್. ನನ್ನದೇ ವಯಸ್ಸು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಒಂದೇ ಬಿಸಿಲಿಗೆ ಕೆಂಪಾದ ಮೂಗು. ಸಭೆಗೆ ಗೊತ್ತುಮಾಡಿದ್ದ ಹೋಟೆಲಿನ ಹಾಲ್‌ನಲ್ಲಿ ನಾನು ಹೆಮ್ಮೆಯಿಂದ ಬ್ಯಾನರ್ ಬಿಡಿಸಿ ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಅವರು ಕಳಿಸಿದ್ದ ಕೌಂಟಿಯ ಹೆಸರಿನಲ್ಲಿ, ಉಚ್ಚಾರದಲ್ಲಿ ಎಲ್ಲೂ ಕೇಳಿಸದ ಮೂರು ಅಕ್ಷರಗಳಿದ್ದವು. ಟೈಪಿಂಗಿನ ದೋಷವೆಂದು ತಿಳಿದು, ಅವರ ಮಾನ ಉಳಿಸುವ ಸದುದ್ದೇಶದಿಂದ ನಾನೇ ಅವನ್ನು ತೆಗೆಸಿದ್ದೆ.

"ಬ್ಯಾನರ್ ಚೆನ್ನಾಗಿದೆ. ಆದರೆ ಇದು ನಮ್ಮ ಪಕ್ಕದ ಕೌಂಟಿಯ ಒಂದು ಊರಿನ ಹೆಸರು. ಫುಟ್‌ಬಾಲಿನ ವಿಷಯದಲ್ಲಿ ನಮಗೂ ಅವರಿಗೂ ಆಗಿಬರುವುದಿಲ್ಲ" ಎಂದರು ಡೆಕ್ಲನ್, ಮೆಲ್ಲಗೆ.

ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ಊಹಿಸಬೇಕಿತ್ತು. ಶನಿವಾರದೊಳಗೆ ಬೇರೆ ಬ್ಯಾನರ್ ಮಾಡಿಸುತ್ತೇನೆಂದು ಮಾತು ಕೊಟ್ಟೆ.

"ಎಷ್ಟು ಜನ ಬರುತ್ತಾರೆ?" ಎಂದು ಕೇಳಿದರು.

"ನಲವತ್ತಕ್ಕೆ ಕಡಿಮೆ ಇಲ್ಲ" ಎಂದೆ.

ಅವರ ಮುಖ ಅರಳಿತು. ಫೋನ್ ತೆಗೆದು ಫೋಟೋ ತೋರಿಸತೊಡಗಿದರು. ಒಂದು ಕಾಲದಲ್ಲಿ ಸ್ವೆಟರ್ ತಯಾರಾಗುತ್ತಿದ್ದ, ಈಗ ಬೀಗ ಹಾಕಿದ ಕಾರ್ಖಾನೆ. ಯಾರೂ ಇಲ್ಲದ ಬಸ್ ನಿಲ್ದಾಣ. ಚೌಕಾಕಾರದ ಒಂದು ಪುಟ್ಟ ಶಾಲೆ, ಅದರ ಮುಂದೆ ಸಾಲಾಗಿ ನಿಂತ ಹನ್ನೊಂದು ಮಕ್ಕಳು. "ಇದರಲ್ಲಿ ಇಬ್ಬರು ಹೋದರೂ ಒಬ್ಬ ಟೀಚರನ್ನು ತೆಗೆಯುತ್ತಾರೆ. ತೆಗೆಯುವುದು ಇವಳನ್ನು" ಎಂದು ಮಕ್ಕಳ ಹಿಂದೆ ನಿಂತ ಹೆಂಗಸನ್ನು ತೋರಿಸಿದರು. "ನನ್ನ ಹೆಂಡತಿ. ಹಾಗಾದರೆ ಅವಳು ಬೇರೆ ಊರಿಗೆ ಹೋಗಬೇಕು. ನನ್ನ ಕೆಲಸ ಇರುವುದು ನಮ್ಮ ಕೌಂಟಿಯಲ್ಲೇ."

ಹೆಂಡತಿ ಒಂದು ಕಡೆ, ಕೆಲಸ ಒಂದು ಕಡೆ ಎನ್ನುವುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಯವರೆಗೆ ಖಾಲಿ ಕುರ್ಚಿಗಳು ನನ್ನ ಮರ್ಯಾದೆಯ ಪ್ರಶ್ನೆಯಾಗಿದ್ದವು. ಈಗ ಅವು ಬರೀ ನನ್ನ ಮರ್ಯಾದೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಹೋಟೆಲಿನಿಂದ ಹೊರಗೆ ಬಂದವನೇ ಇಕ್ಬಾಲನಿಗೆ ಫೋನ್ ಮಾಡಿದೆ.

ಇಕ್ಬಾಲ್ ನಮ್ಮ ಸುರತ್ಕಲ್ಲಿನ ಬ್ಯಾರಿ, ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಕೆಳಗಿದ್ದವನು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಸೂಟ್‌ಕೇಸುಗಳ ಅಂಗಡಿ. ನನ್ನ ದನಿ ಕೇಳಿದರೆ ಹೆಸರು ಕೇಳದೆ ಮಾತಾಡುವ ಒಬ್ಬನೇ ಒಬ್ಬ.

"ಎಂತ ಸದಾನಂದಣ್ಣ, ಇದ್ದೀರಾ? ಕೆಲಸ ಇಲ್ಲದೆ ಫೋನ್ ಮಾಡುವ ಜನ ಅಲ್ಲ ನೀವು."

"ಇಕ್ಬಾಲ್, ನನಗೆ ನಾಡಿದ್ದು ನಲವತ್ತು ಜನ ಇನ್ವೆಸ್ಟರ್ಸ್ ಬೇಕು."

"ನಲವತ್ತು ಸೂಟ್‌ಕೇಸ್ ಬೇಕಾದ್ರೆ ಹೇಳಿ, ಈಗ್ಲೇ ಗಾಡಿಗೆ ಹಾಕಿಸ್ತೇನೆ. ಇನ್ವೆಸ್ಟರ್ ಎಲ್ಲಿಂದ ತರುದು ಮಾರಾಯ್ರೆ?" ಎಂದು ನಕ್ಕ. ನಾನು ನಗದಿದ್ದುದನ್ನು ಗಮನಿಸಿ ಅವನ ದನಿ ಬದಲಾಯಿತು. "ಆಯ್ತು, ಟೆನ್ಷನ್ ಮಾಡ್ಬೇಡಿ. ನೀವು ಒಂದು ಮೆಸೇಜ್ ಬರ್ದು ಕಳಿಸಿ, ನಾನು ಗ್ರೂಪುಗಳಿಗೆ ಹಾಕ್ತೇನೆ. ಪದ್ಮನಾಭಣ್ಣ ನಮ್ಮ ಅಂಗಡಿಗೆ ಬರುದುಂಟು, ಅವರಿಗೂ ಹೇಳಿ ನೋಡ್ತೇನೆ. ಯಲ್ಲಾ, ಕಳಿಸಿ ಬೇಗ."

ಮೆಟ್ರೋ ನಿಲ್ದಾಣದ ಬೆಂಚಿನ ಮೇಲೆ ಕೂತು ನಾನು ಸಂದೇಶ ರಚಿಸಿದೆ. ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಹೀಗೆ ಮಾಡಿದೆ: 'ಐರ್ಲೆಂಡಿನಲ್ಲಿ ಅಪೂರ್ವ ಅವಕಾಶ. ಜನರ ಅಗತ್ಯವಿದೆ. ಕುಟುಂಬ ಸಮೇತ ನೆಲೆಸಲು ಅನುಕೂಲ. ಐರ್ಲೆಂಡಿನ ಅಧಿಕಾರಿಗಳು ಖುದ್ದಾಗಿ ಭೇಟಿಯಾಗಲಿದ್ದಾರೆ. ಊಟದ ವ್ಯವಸ್ಥೆ ಇದೆ.' ಕೆಳಗೆ ಸ್ಥಳ, ಸಮಯ. ಭಾಷೆ ಬಿಗಿಯಾಗಿ ಬಂದಿದೆ ಎನಿಸಿತು. ಒಂದೇ ಒಂದು ಶಬ್ದ ಬಿಟ್ಟುಹೋಗಿತ್ತು. ಬಂಡವಾಳ.

ಶುಕ್ರವಾರ ಮಧ್ಯಾಹ್ನ ಶಾರ್ಜಾದ ದರ್ಜಿಯಿಂದ ನನಗೊಂದು ಸಂದೇಶ ಬಂತು. ನಾನು ಬರೆದದ್ದೇ ಇಂಗ್ಲಿಷ್ ಅಕ್ಷರದ ಹಿಂದಿಗೆ ತಿರುಗಿ, ಮೈ ತುಂಬಿಕೊಂಡು ಮರಳಿತ್ತು. 'ಐರ್ಲೆಂಡ್ ವೀಸಾ. ಅಲ್ಲೇ ಇಂಟರ್ವ್ಯೂ, ಅಲ್ಲೇ ಸೆಲೆಕ್ಷನ್. ಫ್ಯಾಮಿಲಿಗೂ ಅವಕಾಶ. ಪಾಸ್‌ಪೋರ್ಟ್ ಕಾಪಿ ಮತ್ತು ಎರಡು ಫೋಟೋ ತನ್ನಿ.' ಕೆಳಗೆ ದರ್ಜಿ, "ಭಾಯಿ, ಇದು ನಿಜವಾ?" ಎಂದು ಕೇಳಿದ್ದರು. ಬುದ್ಧಿ ಇದ್ದವನಾದರೆ ಅಲ್ಲೇ ಎಚ್ಚರಗೊಳ್ಳುತ್ತಿದ್ದ. ನಾನು ಹೊಸ ಬ್ಯಾನರಿನ ಅಕ್ಷರಗಳನ್ನು ಒಂದೊಂದಾಗಿ ಎಣಿಸುವುದರಲ್ಲಿ ಮುಳುಗಿದ್ದೆ. ಸಭೆಗೆ ಒಳ್ಳೆಯ ಪ್ರಚಾರ ಸಿಕ್ಕಿದೆ ಎಂದು ತಿಳಿದು, ಆ ಸಂದೇಶಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನ ಬಾಗಿಲಿನಿಂದ ರಸ್ತೆಯವರೆಗೆ ಜನರ ಸಾಲು. ಇನ್ನೂರಕ್ಕೆ ಕಡಿಮೆ ಇರಲಾರರು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲ್. ಎಲೆಕ್ಟ್ರಿಶಿಯನ್ನರು, ಅಡುಗೆಯವರು, ಎಸಿ ಮೆಕ್ಯಾನಿಕ್ಕುಗಳು, ನರ್ಸುಗಳು. ಸೆಕ್ಯುರಿಟಿಯವರು ನನ್ನನ್ನು ಹುಡುಕಿಕೊಂಡು ಬಂದು, "ಇದು ಏನು?" ಎಂದು ಕೇಳಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಡೆಕ್ಲನ್ ಮೆಟ್ಟಿಲ ಮೇಲೆ ನಿಂತು ಆ ಸಾಲನ್ನು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. "ಇವರೆಲ್ಲ ಇನ್ವೆಸ್ಟರುಗಳಾ?"

ಸತ್ಯ ಹೇಳಲು ಅದು ಕೊನೆಯ ಅವಕಾಶ. ನಾನು ಹೇಳಿದೆ: "ಸಣ್ಣ ಮಟ್ಟದವರು."

ಹಾಲ್‌ನೊಳಗೆ ಹಿಡಿಸಿದಷ್ಟು ಜನ ಕೂತರು, ಉಳಿದವರು ಗೋಡೆಗೆ ಒರಗಿ ನಿಂತರು. ಡೆಕ್ಲನ್ ಮಾತು ಶುರುಮಾಡಿದರು. ಅವರ ಉಚ್ಚಾರ ಯಾರಿಗೂ ಹಿಡಿಯದೆ ಎಲ್ಲರೂ ನನ್ನ ಕಡೆ ನೋಡಿದ್ದರಿಂದ, ಭಾಷಾಂತರವೂ ನನ್ನ ಪಾಲಿಗೆ ಬಂತು. ಅರ್ಧ ಹಿಂದಿ, ಅರ್ಧ ಕನ್ನಡ, ನಡುನಡುವೆ ತುಳು. ನಮ್ಮಲ್ಲಿ ಮಳೆ ಹೆಚ್ಚು ಎಂದು ಅವರು ಸಂಕೋಚದಿಂದ ಹೇಳಿದಾಗ ಕರಾವಳಿಯವರೆಲ್ಲ ಸಮಾಧಾನದಿಂದ ತಲೆಯಾಡಿಸಿದರು. ಜನ ಕಡಿಮೆ ಎಂದಾಗ ಹಿಂದಿನ ಸಾಲಿನಿಂದ ಒಬ್ಬರು, "ಹಾಗಾದ್ರೆ ಬಾಡಿಗೆಯೂ ಕಡಿಮೆ ಇರ್ಬೇಕು" ಎಂದು ಪಕ್ಕದವರಿಗೆ ಹೇಳಿದರು.

ಆಮೇಲೆ ಪ್ರಶ್ನೆಗಳು. "ಅಕಮಡೇಶನ್ ಕಂಪನಿಯದ್ದಾ?" ಎಂದು ಎಸಿ ಮೆಕ್ಯಾನಿಕ್ಕೊಬ್ಬರು ಕೇಳಿದರು. ನಾನು ಇಂಗ್ಲಿಷಿನಲ್ಲಿ, "ಕಂಪನಿಯ ಹಿರಿಯ ಅಧಿಕಾರಿಗಳಿಗೆ ವಸತಿ ಹೇಗೆ ಎಂದು ಕೇಳುತ್ತಿದ್ದಾರೆ" ಎಂದೆ. ಮನೆಗಳು ಬೇಕಾದಷ್ಟು ಖಾಲಿ ಇವೆ ಎಂದರು ಡೆಕ್ಲನ್. ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಲ್ಲಿ ಮೂಡುಬಿದಿರೆಯ ಪ್ರಮೀಳಾ ಎಂಬವರಿದ್ದರು. ಅಬುಧಾಬಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಪಕ್ಕದಲ್ಲಿ ಗಂಡ. ಅವರು ಎದ್ದು ನಿಂತು ಅಳುಕುತ್ತಾ, "ಸರ್, ನಮ್ಮ ಇಬ್ಬರು ಮಕ್ಕಳು ಊರಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಅವರನ್ನು ಕರ್ಕೊಂಡು ಬರ್ಲಿಕ್ಕೆ ಆಗ್ತದಾ?" ಎಂದರು.

ಈ ಪ್ರಶ್ನೆಯನ್ನು ತಿರುಚಲು ನನಗೆ ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಡೆಕ್ಲನ್ ಮೈಕಿನಿಂದ ದೂರ ಸರಿದು ನೇರವಾಗಿ ಅವರಿಗೇ ಹೇಳಿದರು. "ದಯವಿಟ್ಟು ಕರೆದುಕೊಂಡೇ ಬನ್ನಿ. ಮಕ್ಕಳಿದ್ದರೆ ಇನ್ನೂ ಒಳ್ಳೆಯದು."

ನಾನು ಅದನ್ನು ಮೂರು ಭಾಷೆಯಲ್ಲಿ ಹೇಳಿದೆ. ಅಲ್ಲಿದ್ದವರೆಲ್ಲ ಎಷ್ಟೋ ಇಂಟರ್ವ್ಯೂಗಳನ್ನು ಕಂಡವರು. ಮಕ್ಕಳಿದ್ದರೆ ಒಳ್ಳೆಯದು ಎಂದು ಯಾವ ಇಂಟರ್ವ್ಯೂನಲ್ಲೂ ಕೇಳಿರಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದು ಮೇಜಿನತ್ತ ಬಂದರು. ಸಿವಿಗಳು ಒಂದರ ಮೇಲೊಂದು ಬೀಳತೊಡಗಿದವು. ಡೆಕ್ಲನ್ ಮೊದಲನೆಯದನ್ನು ಎತ್ತಿ ಓದಿದರು. ಎರಡನೆಯದನ್ನು ಓದಿದರು. ಮೂರನೆಯದನ್ನು ಓದಿ ನನ್ನನ್ನು ನೋಡಿದರು.

ನಾನು ಬಾಗಿಲಲ್ಲಿ ಜನರನ್ನು ನಿಭಾಯಿಸಬೇಕೆಂದು ಹೇಳಿ ಅಲ್ಲಿಂದ ಜಾರಿದೆ.

ಬಾಗಿಲಲ್ಲಿ ಅರವತ್ತು ದಾಟಿದ ಒಬ್ಬರು ನಿಂತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಕಾಲಲ್ಲಿ ಸಾದಾ ಚಪ್ಪಲಿ. ಸಾಲಿನ ನೂಕಾಟದಲ್ಲಿ ಅಂಗಿ ಮುದುಡಿತ್ತು. ಕೈಯಲ್ಲಿ ಫೈಲ್ ಕೂಡ ಇರಲಿಲ್ಲ. ನನಗೆ ಕನಿಕರ ಉಕ್ಕಿತು.

"ಸಿವಿ ಮೇಜಿನ ಮೇಲೆ ಇಡಿ ಅಣ್ಣ, ನಾವೇ ಕಾಲ್ ಮಾಡ್ತೇವೆ" ಎಂದೆ.

"ಸಿವಿ ತಂದಿಲ್ಲ."

"ಸಿವಿ ಇಲ್ಲದೆ ಬಂದ್ರಾ? ಎಂತ ಅಣ್ಣ ನೀವು. ಯಾವ ಲೈನಲ್ಲಿ ಕೆಲಸ?"

"ಫ್ರೋಜನ್ ಫುಡ್."

"ಪ್ಯಾಕಿಂಗಾ?"

ಅವರು ಸ್ವಲ್ಪ ಯೋಚಿಸಿ, "ಪ್ಯಾಕಿಂಗೂ ಉಂಟು" ಎಂದರು.

"ನೋಡಿ, ತಮ್ಮನ ಹಾಗೆ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅಲ್ಲಿ ಚಳಿ ಜೋರು. ಈ ಪ್ರಾಯದಲ್ಲಿ ನಿಮಗೆ ಯಾಕೆ ಈ ಕಷ್ಟ? ಊರಿಗೆ ಹೋಗಿ ಆರಾಮ ಇರಿ. ಬಂದದ್ದಕ್ಕೆ ಊಟ ಮಾಡ್ಕೊಂಡು ಹೋಗಿ" ಎಂದು ಊಟದ ಕೂಪನ್ನನ್ನು ಅವರ ಕೈಯಲ್ಲಿಟ್ಟು, ಹೆಗಲು ತಟ್ಟಿದೆ.

ಅವರು ಕೂಪನ್ನನ್ನು ತಿರುಗಿಸಿ ನೋಡಿ, "ಆಯ್ತು" ಎಂದು ಹೇಳಿ, ನನಗೆ ಬೆನ್ನು ಹಾಕಿ ನಡೆದರು.

ಆ ಬೆನ್ನು ನನಗೆ ಗೊತ್ತಿತ್ತು. ಎರಡು ಗಂಟೆ ನೋಡಿದ ಬೆನ್ನು. ಕಿವಿಯ ಹಿಂದಿನ ಆ ಮಚ್ಚೆ, ಬಲಕ್ಕೆ ಸ್ವಲ್ಪ ವಾಲಿದ ಆ ಹೆಗಲು.

ಅದೇ ಹೊತ್ತಿಗೆ ಫೋನ್ ಬಂತು. ಇಕ್ಬಾಲ್. "ಸದಾನಂದಣ್ಣ, ಪದ್ಮನಾಭಣ್ಣನನ್ನು ಹೇಗೋ ಒಪ್ಪಿಸಿ ಕಳಿಸಿದ್ದೇನೆ. ಸಾಕಾಗಿ ಹೋಯ್ತು ನನಗೆ. ಬಂದ್ರಾ? ಚೆನ್ನಾಗಿ ನೋಡ್ಕೊಳ್ಳಿ."

ನಾನು ಪಾರ್ಕಿಂಗಿಗೆ ಓಡಿದೆ. ಮೂರು ಸುತ್ತು ಹಾಕಿ, ಹೊರಟ ಒಂದು ಕಾರಿನ ಹಿಂದೆ ಕೈ ಬೀಸುತ್ತಾ ರಸ್ತೆಯವರೆಗೆ ಹೋದೆ. ಅದು ಇನ್ಶೂರೆನ್ಸ್ ಏಜೆಂಟರ ಕಾರು. ಮಾತಾಡಲು ಅವಕಾಶ ಸಿಗಲಿಲ್ಲವೆಂದು ಅವರು ಕೋಪಿಸಿಕೊಂಡು ಹೊರಟಿದ್ದರು. ಬೆವರು ಒರೆಸುತ್ತಾ ವಾಪಸು ಬಂದರೆ, ಪದ್ಮನಾಭಣ್ಣ ಊಟದ ಸಾಲಿನಲ್ಲಿ ತಟ್ಟೆ ಹಿಡಿದು, ಪ್ರಮೀಳಾ ಮತ್ತು ಅವರ ಗಂಡನ ಹಿಂದೆ ನಿಂತಿದ್ದರು. ಕೂಪನ್ನನ್ನು ಸರಿಯಾಗಿ ಬಡಿಸುವವರ ಕೈಗೆ ಕೊಟ್ಟು, ಅನ್ನ ಹಾಕಿಸಿಕೊಳ್ಳುತ್ತಿದ್ದರು.

ನಾನು ಕೈಜೋಡಿಸಿ ನಿಂತೆ.

"ಊಟ ಚೆನ್ನಾಗುಂಟು. ನಿಮ್ಮ ಐರ್ಲೆಂಡಿನವರನ್ನು ಕರೀರಿ, ಮಾತಾಡುವ" ಎಂದರು.

ಮೂಲೆಯ ಮೇಜಿನಲ್ಲಿ ಪದ್ಮನಾಭಣ್ಣ, ಡೆಕ್ಲನ್, ನಾನು ಕೂತೆವು. ಡೆಕ್ಲನ್ ಕಾರ್ಖಾನೆಯ ಫೋಟೋ ತೋರಿಸಿದರು, ಹಾಲಿನ ಬಗ್ಗೆ, ಮಾಂಸದ ಬಗ್ಗೆ, ಬಂದರಿನ ಬಗ್ಗೆ ಹೇಳಿದರು. ಪದ್ಮನಾಭಣ್ಣ ಒಂದನ್ನೂ ಬಿಡದೆ ಕೇಳಿ, ನನ್ನ ಕಡೆ ತಿರುಗಿದರು.

"ಜಾಗ ಒಳ್ಳೇದುಂಟು. ಆದರೆ ಜನರೇ ಇಲ್ಲದ ಊರಲ್ಲಿ ಪ್ಯಾಕಿಂಗ್ ಯಾರು ಮಾಡುದು? ನಿಮಗೂ ಅದೇ ಚಿಂತೆ ಇತ್ತೂಂತ ಕಾಣ್ತದೆ. ನನ್ನ ಹತ್ರವೂ ಸಿವಿ ಕೇಳಿದ್ರಿ. ಈಗ ಬೇಡ. ಖಲಾಸ್." ಎದ್ದು ಹೊರಡುವ ಮುಂಚೆ ಡೆಕ್ಲನ್ನರ ಕೈ ಕುಲುಕಿ, "ನೈಸ್ ಪೀಪಲ್, ನೈಸ್ ಲಂಚ್" ಎಂದರು. ಈ ಸಲ ಬೆನ್ನನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ಸುದ್ದಿ ತಿಳಿದು ಥಾಮಸ್ ಸರ್ ಬಂದರು. ಇನ್ನೂರು ಊಟ, ನಲವತ್ತು ಕುರ್ಚಿ, ಸೊನ್ನೆ ಇನ್ವೆಸ್ಟರ್ ಎಂಬುದನ್ನು ಗ್ರಹಿಸಿ, ಸೋಮವಾರದಿಂದ ನಾನು ಅಲ್ ಕೂಸಿನ ಗೋದಾಮಿನಲ್ಲಿ ಕುರ್ಚಿಗಳ ಉಸ್ತುವಾರಿ ನೋಡಿಕೊಳ್ಳಬೇಕೆಂದು ತಿಳಿಸಿ ಹೋದರು. ಕುರ್ಚಿಗಳಿಗೆ ಯಾರ ಪರಿಚಯವೂ ಬೇಕಾಗಿಲ್ಲ.

ಮಧ್ಯಾಹ್ನ ಹಾಲ್ ಖಾಲಿಯಾದ ಮೇಲೆ ನಾನು ಡೆಕ್ಲನ್ ಎದುರು ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಮೊಬೈಲಿನ ಪಟ್ಟಿ, ಮಸಾಲೆ ಹುಡಿ, ಬಿಟ್ಟುಹೋದ ಶಬ್ದ, ಬೆನ್ನು. ಅವರು ಕೋಪಿಸಿಕೊಳ್ಳುತ್ತಾರೆಂದು ಕಾದೆ. ಅವರು ಉಳಿದ ಬಿರಿಯಾನಿಯನ್ನು ಎರಡು ತಟ್ಟೆಗೆ ಹಾಕಿ ಒಂದನ್ನು ನನ್ನ ಕಡೆ ತಳ್ಳಿದರು.

"ಮೂರು ದೇಶ ಸುತ್ತಿ ಬಂದೆ. ಎಲ್ಲ ಕಡೆ ತೆರಿಗೆ ಎಷ್ಟು, ವಿಮಾನ ನಿಲ್ದಾಣ ಎಷ್ಟು ದೂರ ಎಂದು ಕೇಳಿದರು. ಮಕ್ಕಳನ್ನು ಕರೆತರಬಹುದಾ ಎಂದು ಇವತ್ತೇ ಮೊದಲು ಕೇಳಿದ್ದು" ಎಂದರು.

"ನಿಮ್ಮ ಊರಿನಲ್ಲಿ ಬೇಸರ ಆಗುವುದಿಲ್ಲವಾ? ಅಷ್ಟು ಕಡಿಮೆ ಜನ" ಎಂದು ಕೇಳಿದೆ.

"ಬೇಸರವಾಗಲು ಬಿಡುವುದಿಲ್ಲ. ಬೆಳಿಗ್ಗೆ ಪೇಪರ್ ತರಲು ನಾನು ಹೋಗದಿದ್ದರೆ, ಹತ್ತು ಗಂಟೆಗೆ ಅಂಗಡಿಯ ಹೆಂಗಸು ಫೋನ್ ಮಾಡುತ್ತಾಳೆ. ಹುಷಾರಿಲ್ಲವಾ ಎಂದು."

ನಾನು ಅನ್ನ ಕಲಸುತ್ತಾ ಲೆಕ್ಕ ಹಾಕಿದೆ. ಕಳೆದ ಚಳಿಗಾಲದಲ್ಲಿ ನನಗೆ ಜ್ವರ ಬಂದು ಎರಡು ದಿನ ಮಲಗಿದ್ದೆ. ನಾನು ಬಂದಿಲ್ಲವೆಂದು ಗಮನಿಸಿದ್ದು ಆಫೀಸಿನಲ್ಲಿ ಬೆರಳು ಒತ್ತುವ ಯಂತ್ರ. ಅದು ನನಗೆ ಇಮೇಲ್ ಕಳಿಸಿತ್ತು.

ಡೆಕ್ಲನ್ ತಂದಿದ್ದ ಬ್ರೋಶರುಗಳನ್ನು ಹೋಟೆಲಿನಲ್ಲೇ ಬಿಟ್ಟು, ಆ ಜಾಗದಲ್ಲಿ ಸಿವಿಗಳ ಕಟ್ಟನ್ನು ತುಂಬಿಕೊಂಡರು. ನಮ್ಮಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ನರ್ಸುಗಳು ಸಿಗದೆ ಒದ್ದಾಡುತ್ತಿದ್ದಾರೆ, ವಿಚಾರಿಸಿ ನೋಡುತ್ತೇನೆ ಎಂದರು. ಅವರು ಕೈ ತೊಳೆಯಲು ಹೋದಾಗ ನಾನು ಒಂದು ಕೆಲಸ ಮಾಡಿದೆ. ಹೋಟೆಲಿನ ಕೌಂಟರಿಗೆ ಹೋಗಿ, ನನ್ನ ಮೊಬೈಲಿನಲ್ಲಿದ್ದ ನನ್ನದೇ ಸಿವಿಯನ್ನು ಪ್ರಿಂಟ್ ಹಾಕಿಸಿ, ಕಟ್ಟಿನ ಮಧ್ಯದಲ್ಲಿ ತೂರಿಸಿದೆ. ಯಾವ ಹುದ್ದೆಗೆ ಎಂಬಲ್ಲಿ 'ಯಾವುದಾದರೂ' ಎಂದು ಪೆನ್ನಿನಲ್ಲಿ ಬರೆದೆ.

ಒಂದು ವರ್ಷ ಹಿಡಿಯಿತು. ಪ್ರಮೀಳಾ ಪರೀಕ್ಷೆ ಬರೆದು, ಪಾಸಾಗಿ, ಆ ವೃದ್ಧರ ಮನೆಯಲ್ಲಿ ಕೆಲಸಕ್ಕೆ ಸೇರಿದರು. ಗಂಡ ಮಕ್ಕಳೂ ಆಮೇಲೆ ಹೋಗಿ ಸೇರಿಕೊಂಡರು. ಶಾಲೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆದ ಫೋಟೋವನ್ನು ಡೆಕ್ಲನ್ ನನಗೆ ಕಳಿಸಿದರು. ಎಣಿಸಿದೆ, ಹದಿಮೂರು. ಹಿಂದೆ ಅದೇ ಟೀಚರು. ನಾನು ಗೋದಾಮಿನಲ್ಲಿ ಕುರ್ಚಿಗಳ ನಡುವೆ ನಿಂತು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ತೋರಿಸೋಣವೆಂದರೆ ಸುತ್ತ ಯಾರೂ ಇರಲಿಲ್ಲ. ಇಕ್ಬಾಲನಿಗೆ ಕಳಿಸಿದೆ. "ಮಾಶಾ ಅಲ್ಲಾ. ಅವರಿಗೆ ಸೂಟ್‌ಕೇಸ್ ಕೊಟ್ಟದ್ದು ನಾನೇ" ಎಂದು ಉತ್ತರ ಬಂತು.

ಅದಾದ ವಾರಕ್ಕೆ ಕೌಂಟಿ ಕಚೇರಿಯಿಂದ ನನಗೂ ಒಂದು ಪತ್ರ ಬಂತು. ಬಾಗಿಲು ಹಾಕಿ ಕೂತು ಓದಿದೆ. ಆಮೇಲೆ ಶಶಿಕಲಾಳಿಗೆ ಫೋನ್ ಮಾಡಿ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿದೆ.

"ನಾವು ಇಲ್ಲಿರುವಾಗ ನೀವು ಅಲ್ಲಿಗೆ ಅಪ್ಲೈ ಮಾಡಿದ್ರಾ?"

"ಫ್ಯಾಮಿಲಿ ಕರ್ಕೊಂಡೇ ಬನ್ನಿ ಅಂತ ಹೇಳಿದ್ರಲ್ಲ."

"ಮತ್ತೆ? ಎಂತ ಬರ್ದಿದ್ದಾರೆ?"

ನಾನು ಕನ್ನಡಕ್ಕೆ ತಿರುಗಿಸುತ್ತಾ ಓದಿದೆ. "ನಿಮ್ಮ ಅರ್ಜಿಯನ್ನು ಶ್ರದ್ಧೆಯಿಂದ ಪರಿಶೀಲಿಸಿದ್ದೇವೆ. ಜನರನ್ನು ಸೇರಿಸುವ ನಿಮ್ಮ ಸಾಮರ್ಥ್ಯದ ಬಗ್ಗೆ ನಮ್ಮ ಅಧಿಕಾರಿ ವಿಶೇಷವಾಗಿ ತಿಳಿಸಿದ್ದಾರೆ. ಆದರೆ ನಿಮ್ಮ ಅನುಭವಕ್ಕೆ ತಕ್ಕ ಕೆಲಸ ಸದ್ಯ ನಮ್ಮಲ್ಲಿ ಇಲ್ಲ. ಪ್ರವಾಸಿಗರಾಗಿ ಬಂದರೆ ಸ್ವಾಗತ."

"ಅಂದ್ರೆ, ಜನವೇ ಇಲ್ಲ ಅಂತ ಊರೂರು ತಿರುಗುವವರಿಗೂ ನೀವು ಬೇಡವಾ?"

"ಹಾಗೇ ಕಾಣ್ತದೆ."

ಅವಳು ನಗತೊಡಗಿದಳು. ಮೊದಲು ತಡೆದುಕೊಂಡು, ಆಮೇಲೆ ತಡೆಯಲಾರದೆ, ಕೆಮ್ಮು ಬರುವವರೆಗೆ ನಕ್ಕಳು. ನಡುವೆ ಮಗಳನ್ನು ಕರೆದು, ಫೋನನ್ನು ಸ್ಪೀಕರಿಗೆ ಹಾಕಿ, "ಇನ್ನೊಂದ್ಸಲ ಓದಿ, ಇವಳೂ ಕೇಳ್ಲಿ" ಎಂದಳು. ಓದಿದೆ. ಇಬ್ಬರೂ ನಕ್ಕರು. ಮತ್ತೊಮ್ಮೆ ಎಂದರು. ಮೂರನೆಯ ಸಲ ಓದುವಾಗ, ಪತ್ರದಲ್ಲಿ ಇಲ್ಲದ ಮೂರು ನಾಲ್ಕು ಸಾಲುಗಳನ್ನು ನಾನೇ ಸೇರಿಸಿದೆ. ಪತ್ರ ಬಹಳ ಚಿಕ್ಕದಾಗಿತ್ತು.